ಬುತ್ತಿ ಕಟ್ಟಿಕೊಳ್ಳಿ, ಚೀಟಿ ಓದಿರಿ, ಕನ್ನಡದಲ್ಲಿ ಕೇಳಿರಿ!

ತಿಕೋಟಾದಿಂದ ಒಬ್ಬ ಮುದ್ರಕ

ಪರದೇಶಕ್ಕೆ ಹೊರಟ ಕನ್ನಡದ ತರುಣ ತರುಣಿಯರೇ, ನಿಮಗೊಂದು ಪ್ರಶ್ನೆ. ಪಾಸ್‌ಪೋರ್ಟು ಆಯಿತು. ವೀಸಾ ಬಂತು. ಬ್ಯಾಂಕಿನ ಸಾಲ ಮಂಜೂರಾಯಿತು. ಚಳಿಗೆ ಕೋಟು ಕೊಂಡಿರಿ. ಆದರೆ ನಿಮ್ಮ ಹೊಟ್ಟೆಯ ವ್ಯವಸ್ಥೆ ಏನು?

ಹೊಟ್ಟೆ ಗಟ್ಟಿ ಇದ್ದವರು ನಗಬಹುದು. "ಎಲ್ಲಿ ಹೋದರೂ ಬ್ರೆಡ್ಡು ಸಿಗುತ್ತದೆ, ಹಾಲು ಸಿಗುತ್ತದೆ, ಎರಡು ದಿನ ಅದರಲ್ಲೇ ಕಳೆದರಾಯಿತು" ಎನ್ನಬಹುದು. ಆದರೆ ಆ ಬ್ರೆಡ್ಡೇ ವಿಷವಾಗುವವರು, ಆ ಹಾಲೇ ಆಗದವರು ನಮ್ಮ ನಡುವೆ ಇದ್ದಾರೆ. ಗೋದಿಯ ಒಂದು ಚೂರು ಹೊಟ್ಟೆಗೆ ಬಿದ್ದರೆ ಅವರ ಕರುಳು ಹಣ್ಣಾಗುತ್ತದೆ. ಅಂಥವರು ವಿಮಾನ ಹತ್ತಿದರೆ ಏನು ತಿನ್ನಬೇಕು? ಗೊತ್ತಿಲ್ಲದ ಊರಿನಲ್ಲಿ, ಗೊತ್ತಿಲ್ಲದ ಭಾಷೆಯಲ್ಲಿ, ಯಾರನ್ನು ಏನೆಂದು ಕೇಳಬೇಕು? ಇದು ನಾಲಿಗೆಯ ಚಪಲದ ಮಾತಾಗಿದ್ದರೆ ನಾನು ಪೆನ್ನು ಹಿಡಿಯುತ್ತಿರಲಿಲ್ಲ. ಇದು ಜೀವದ ಪ್ರಶ್ನೆ, ಭಾಷೆಯ ಪ್ರಶ್ನೆಯೂ ಹೌದು. ಹೇಗೆಂದು ಮುಂದೆ ಓದಿರಿ.

ಜಿಗುಟಿನ ಕತೆ

ಮೊದಲು ಈ "ಗ್ಲುಟೆನ್" ಎಂಬುದೇನು ತಿಳಿಯೋಣ. ದೊಡ್ಡ ಪುಸ್ತಕ ಬೇಡ, ನಿಮ್ಮ ಮನೆಯ ಅಡುಗೆಮನೆ ಸಾಕು. ಗೋದಿ ಹಿಟ್ಟಿಗೆ ತಣ್ಣೀರು ಹಾಕಿ ನಾದಿದರೆ ರಬ್ಬರಿನಂತೆ ಎಳೆಯುತ್ತದೆ. ಲಟ್ಟಣಿಗೆಯಲ್ಲಿ ತೆಳ್ಳಗೆ ಲಟ್ಟಿಸಿದರೂ ಹರಿಯುವುದಿಲ್ಲ. ಆ ಎಳೆಯುವ ಜಿಗುಟೇ ಗ್ಲುಟೆನ್. ಅದೊಂದು ಬಗೆಯ ಪ್ರೊಟೀನು. ಗೋದಿಯಲ್ಲಿದೆ, ಬಾರ್ಲಿಯಲ್ಲಿದೆ, ಯುರೋಪಿನವರು ಬೆಳೆಯುವ ರೈ ಎಂಬ ಕಾಳಿನಲ್ಲಿದೆ. ಮೈದಾ, ರವಾ, ಶಾವಿಗೆ, ಎಲ್ಲವೂ ಗೋದಿಯ ಮಕ್ಕಳೇ.

ಈಗ ನಮ್ಮ ಜೋಳದ ಹಿಟ್ಟು ನೋಡಿರಿ. ತಣ್ಣೀರಿನಲ್ಲಿ ಕಲಸಿ ಲಟ್ಟಿಸಲು ಹೋದರೆ ಒಡೆದು ಚೂರಾಗುತ್ತದೆ. ಅದಕ್ಕೇ ನಮ್ಮ ತಾಯಂದಿರು ಎಸರಿಟ್ಟು, ಕುದಿಯುವ ನೀರು ಹಾಕಿ ಹಿಟ್ಟು ಹದ ಮಾಡಿ, ಕೈಯಿಂದ ಪಟಪಟ ಬಡಿದು ರೊಟ್ಟಿ ಮಾಡುತ್ತಾರೆ. ಯಾಕೆ? ಜೋಳದಲ್ಲಿ ಆ ಜಿಗುಟು ಇಲ್ಲ! ಗ್ಲುಟೆನ್ ಇಲ್ಲ ಎಂಬ ಸತ್ಯವನ್ನು ನಮ್ಮ ಅವ್ವಂದಿರ ಅಂಗೈ ವಿಜ್ಞಾನಿಗಳಿಗಿಂತ ಮೊದಲೇ ಬಲ್ಲದು. ಸಜ್ಜೆ, ರಾಗಿ, ನವಣೆ, ಅಕ್ಕಿ, ಮೆಕ್ಕೆಜೋಳ, ಇವೂ ಹಾಗೆಯೇ.

ನಮ್ಮ ವಿಜಯಪುರ ಜಿಲ್ಲೆಯ ಎರೆಭೂಮಿಯ ಬಿಳಿಜೋಳ ಇವತ್ತು ನಿನ್ನೆಯದಲ್ಲ. ಡೋಣಿ ಹರಿದರೆ ಓಣಿಯೆಲ್ಲ ಜೋಳ ಎಂಬ ಮಾತು ಈ ಭಾಗದ ಪ್ರತಿ ಮುದುಕರ ಬಾಯಲ್ಲಿದೆ. ಹಿಂಗಾರಿಯಲ್ಲಿ ಬಿತ್ತಿ, ನೆಲದ ಹಸಿಯ ಮೇಲೆಯೇ ಬೆಳೆಯುವ ಮಾಲದಂಡಿ ಜೋಳದ ರೊಟ್ಟಿ, ಮೇಲೆ ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ, ಪಕ್ಕದಲ್ಲಿ ಜುಣಕ. ಈ ತಾಟಿನಲ್ಲಿ ಗೋದಿ ಎಲ್ಲಿದೆ? ಹಾಲು ಎಲ್ಲಿದೆ? ಮೊಸರು, ತುಪ್ಪ ಬೇಕಾದವರು ಹಾಕಿಕೊಳ್ಳುತ್ತಾರೆ, ಬೇಡದವರು ಬಿಡುತ್ತಾರೆ. "ಗ್ಲುಟೆನ್ ಫ್ರೀ, ಡೇರಿ ಫ್ರೀ" ಎಂದು ಪರದೇಶದ ಅಂಗಡಿಗಳಲ್ಲಿ ದುಬಾರಿ ಬೆಲೆಗೆ ಮಾರುವ ಊಟವನ್ನು ನಮ್ಮ ಒಕ್ಕಲಿಗ ಹೊಲದ ಬದುವಿನ ಮೇಲೆ ಕುಳಿತು ದಿನಾ ತಿನ್ನುತ್ತಾನೆ. 2023ನೆಯ ವರ್ಷವನ್ನು ವಿಶ್ವಸಂಸ್ಥೆ ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಆಗ ಬೆಂಗಳೂರಿನ ಎಷ್ಟೋ ಮಕ್ಕಳಿಗೆ ಜೋಳ ಎಂಬುದೂ ಒಂದು ಧಾನ್ಯ ಎಂದು ಗೊತ್ತಾಯಿತು. ಇರಲಿ, ತಡವಾದರೂ ಗೊತ್ತಾಯಿತಲ್ಲ!

ಬ್ರೆಡ್ಡು ಸಿಗದಾಗ ಬದುಕಿದ ಮಕ್ಕಳು

ಈ ರೋಗದ ಹೆಸರು ಸಿಲಿಯಾಕ್. ಇದರ ಮೂಲ ಗೋದಿ ಎಂದು ಜಗತ್ತಿಗೆ ತೋರಿಸಿದವನು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ. ಎರಡನೆಯ ಮಹಾಯುದ್ಧದ ಕೊನೆಗೆ, 1944-45ರ ಚಳಿಗಾಲದಲ್ಲಿ ಹಾಲೆಂಡಿನಲ್ಲಿ ಭೀಕರ ಬರಗಾಲ. ಬ್ರೆಡ್ಡಿಗೆ ಹಾಹಾಕಾರ. ಊರೆಲ್ಲ ಹಸಿವಿನಿಂದ ಸೊರಗುವಾಗ ಡಿಕೆಯ ಆರೈಕೆಯಲ್ಲಿದ್ದ ಸಿಲಿಯಾಕ್ ಮಕ್ಕಳು ಸುಧಾರಿಸಿದರು! ಯುದ್ಧ ಮುಗಿದು ಬ್ರೆಡ್ಡು ಮರಳಿ ಬಂದಾಗ ಅವೇ ಮಕ್ಕಳು ಮತ್ತೆ ಕಾಯಿಲೆ ಬಿದ್ದರು. ಗೋದಿಯೇ ವೈರಿ ಎಂಬ ಅವನ ಅನುಮಾನ ಗಟ್ಟಿಯಾಯಿತು. 1950ರಲ್ಲಿ ಅವನು ಅದನ್ನು ಪ್ರಬಂಧವಾಗಿ ಬರೆದು ಮಂಡಿಸಿದ.

ಸಿಲಿಯಾಕ್ ಇದ್ದವರು ಗ್ಲುಟೆನ್ ತಿಂದರೆ ದೇಹದ ಕಾವಲು ಪಡೆಯೇ ತನ್ನ ಸಣ್ಣ ಕರುಳಿನ ಮೇಲೆ ದಾಳಿ ಮಾಡುತ್ತದೆ. ಆಹಾರ ಹೀರುವ ಕರುಳಿನ ಸಣ್ಣ ಎಳೆಗಳು ಸವೆದು ಚಪ್ಪಟೆಯಾಗುತ್ತವೆ. ಬೇಧಿ, ಹೊಟ್ಟೆನೋವು, ರಕ್ತಹೀನತೆ, ಮಕ್ಕಳಾದರೆ ಬೆಳವಣಿಗೆ ಕುಂಠಿತ. ಇದಕ್ಕೆ ಇರುವ ಮದ್ದು ಒಂದೇ: ಜೀವನಪೂರ್ತಿ ಗ್ಲುಟೆನ್ ಬಿಡುವುದು. ಹಬ್ಬಕ್ಕೊಂದು ದಿನ ಹೋಳಿಗೆ, ಪ್ರವಾಸದಲ್ಲೊಂದು ಬನ್ನು ಎಂಬ ರಿಯಾಯಿತಿ ಇಲ್ಲ.

ನಮ್ಮ ದೇಶದಲ್ಲಿ ಎಷ್ಟು ಜನರಿಗಿದೆ? ದೇಶದ ಮೂರು ಭಾಗಗಳಲ್ಲಿ ಹಿರಿಯರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಉತ್ತರ ಭಾರತದಲ್ಲಿ ಶೇಕಡಾ 1.23, ಈಶಾನ್ಯದಲ್ಲಿ 0.87, ದಕ್ಷಿಣದಲ್ಲಿ 0.10 ಎಂದು ಕಂಡುಬಂತು. ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರು. ಕಡಿಮೆ ಎನ್ನುತ್ತೀರಾ? ಆರು ಕೋಟಿಗೂ ಮಿಕ್ಕಿದ ಕರ್ನಾಟಕಕ್ಕೆ ಆ ಲೆಕ್ಕ ಹಚ್ಚಿ ನೋಡಿರಿ, ಅರವತ್ತು ಸಾವಿರ ದಾಟುತ್ತದೆ!

ಹಾಲಿನದು ಬೇರೆ ಕತೆ. ಅದರಲ್ಲಿ ಎರಡು ಬಗೆ. ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್, ಜೀರ್ಣವಾಗದೆ ಹೊಟ್ಟೆ ಉಬ್ಬುವುದು ಒಂದು. ಇದು ತ್ರಾಸದಾಯಕ, ಆದರೆ ಪ್ರಾಣಕ್ಕೆ ಅಪಾಯವಲ್ಲ. ಹಾಲಿನ ಪ್ರೊಟೀನಿಗೇ ಅಲರ್ಜಿ ಇರುವುದು ಇನ್ನೊಂದು. ಇದರಲ್ಲಿ ಮೈಮೇಲೆ ದದ್ದು ಏಳುವುದರಿಂದ ಹಿಡಿದು ಉಸಿರು ಕಟ್ಟುವವರೆಗೂ ಹೋಗಬಹುದು. ಎರಡನ್ನೂ ಒಂದೇ ಎಂದು ತಿಳಿದರೆ ಪರದೇಶದಲ್ಲಿ ಅನಾಹುತವಾದೀತು.

ರೋಗವೋ, ಫ್ಯಾಷನ್ನೋ?

ಪಟ್ಟಣದ ಹುಡುಗರಿಗೆ ಒಂದು ಮಾತು ಖಡಕ್ಕಾಗಿ ಹೇಳಬೇಕು. ಯಾವನೋ ಸಿನಿಮಾ ನಟ ಗೋದಿ ಬಿಟ್ಟನೆಂದು ನೀವೂ ಬಿಡಬೇಕಿಲ್ಲ. ರೋಗವಿಲ್ಲದವನಿಗೆ ಗೋದಿ ಅನ್ನವೇ. ರೋಗದ ಗುಮಾನಿ ಇದ್ದರೆ ಮೊದಲು ವೈದ್ಯರ ಬಳಿ ಹೋಗಿರಿ, ರಕ್ತ ಪರೀಕ್ಷೆ ಮಾಡಿಸಿರಿ, ಅವರು ಹೇಳಿದರೆ ಕರುಳಿನ ತುಣುಕು ತೆಗೆದು ನೋಡುವ ಪರೀಕ್ಷೆಯನ್ನೂ ಮಾಡಿಸಿರಿ. ಪರೀಕ್ಷೆಗೆ ಮುಂಚೆಯೇ ಗೋದಿ ಬಿಟ್ಟರೆ ಇರುವ ರೋಗವೂ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು. ವಿಮಾನದ ಟಿಕೆಟ್ ಕೊಳ್ಳುವ ಮೊದಲು ಇದು ಇತ್ಯರ್ಥವಾಗಲಿ.

ಫ್ಯಾಷನ್ನಿನಿಂದ ಇನ್ನೊಂದು ಕೇಡಿದೆ. ಶೋಕಿಗೆ "ಗ್ಲುಟೆನ್ ಫ್ರೀ" ಕೇಳುವವರು ಹೆಚ್ಚಾದಷ್ಟೂ ಹೋಟೆಲಿನ ಹುಡುಗ ನಿಜವಾದ ರೋಗಿಯ ಮಾತನ್ನೂ ಹಗುರವಾಗಿ ತೆಗೆದುಕೊಳ್ಳುತ್ತಾನೆ. "ಸ್ವಲ್ಪ ಇದ್ದರೆ ಏನಾಗುತ್ತದೆ ಸಾರ್" ಎನ್ನುತ್ತಾನೆ. ಆ ಸ್ವಲ್ಪ ಎಷ್ಟು ಗೊತ್ತೇ? ಅಂತಾರಾಷ್ಟ್ರೀಯ ನಿಯಮದಲ್ಲಿಯೂ ನಮ್ಮ ದೇಶದ ಆಹಾರ ಸುರಕ್ಷಾ ಪ್ರಾಧಿಕಾರದ ನಿಯಮದಲ್ಲಿಯೂ "ಗ್ಲುಟೆನ್ ರಹಿತ" ಎಂದು ಬರೆಯಬೇಕಾದರೆ ಒಂದು ಕಿಲೋ ಆಹಾರದಲ್ಲಿ ಗ್ಲುಟೆನ್ 20 ಮಿಲಿಗ್ರಾಂ ಮೀರಬಾರದು. ಚಿಟಿಕೆಗಿಂತಲೂ ಕಡಿಮೆ! ಒಂದೇ ಗಿರಣಿಯಲ್ಲಿ ಮೊದಲು ಗೋದಿ ಬೀಸಿ, ಅದೇ ಕಲ್ಲಿನಲ್ಲಿ ಜೋಳ ಬೀಸಿದರೆ ಜೋಳದ ಹಿಟ್ಟು ಕೆಟ್ಟಂತೆಯೇ. ಆದ್ದರಿಂದ ಸಿಲಿಯಾಕ್ ಇದ್ದವರ ಮನೆಯವರು ಜೋಳ ತೊಳೆದು ಒಣಗಿಸಿ, ಗೋದಿ ಮುಟ್ಟದ ಕಲ್ಲಿನಲ್ಲೇ ಬೀಸಿಸಬೇಕು.

ನಾನು ಅಚ್ಚು ಹಾಕಿದ ಒಂದು ಸಣ್ಣ ಕಾರ್ಡು

ನಮ್ಮದು ಸಣ್ಣ ಪ್ರೆಸ್ಸು. ಲಗ್ನಪತ್ರಿಕೆ, ಬಿಲ್ ಬುಕ್ಕು, ಒಣದ್ರಾಕ್ಷಿಯ ಬಾಕ್ಸು, ಜಾತ್ರೆಯ ಹ್ಯಾಂಡ್‌ಬಿಲ್ಲು, ಇವೇ ನಮ್ಮ ಅನ್ನ. ಒಬ್ಬ ತಾಯಿ ಬಂದು ಕೇಳಿದಳು: "ಅಣ್ಣಾರ, ನನ್ನ ಮಗಾ ಓದಾಕ ಜರ್ಮನಿಗೆ ಹೊಂಟಾನ್ರೀ. ಅಂವಗ ಗೋದಿ ಮುಟ್ಟಬಾರದಂತ ಡಾಕ್ಟರ್ ಹೇಳ್ಯಾರ. ಹಾಲೂ ಆಗಂಗಿಲ್ಲ. ಅಲ್ಲಿ ಮಂದಿಗೆ ತಿಳಿಯೂವಂಗ ಒಂದು ಚೀಟಿ ಹಾಕಿ ಕೊಡ್ರಿ."

ಹುಡುಗ ಜರ್ಮನ್ ಭಾಷೆಯಲ್ಲಿ ಬರೆಯಿಸಿಕೊಂಡು ತಂದಿದ್ದ. ವಿಸಿಟಿಂಗ್ ಕಾರ್ಡಿನ ಅಳತೆ, ದಪ್ಪ ಆರ್ಟ್ ಕಾರ್ಡು, ಮೇಲೆ ಲ್ಯಾಮಿನೇಶನ್. ಒಂದು ಬದಿ ಜರ್ಮನ್, ಇನ್ನೊಂದು ಬದಿ ಕನ್ನಡ. "ಕನ್ನಡ ಯಾಕೋ ತಮ್ಮಾ, ಅಲ್ಲಿ ಯಾರು ಓದತಾರ?" ಎಂದೆ. "ಕಾಕಾ, ಜರ್ಮನ್ ಬದಿಯೊಳಗ ಏನೈತಿ ಅಂತ ನಮ್ಮವ್ವಗ ತಿಳೀಬೇಕಲ್ಲಾ" ಎಂದ. ಆ ಮಾತು ನನಗೆ ನಾಟಿತು.

ಕಾರ್ಡಿನ ಕನ್ನಡ ಹೀಗಿತ್ತು: ನನಗೆ ಸಿಲಿಯಾಕ್ ರೋಗವಿದೆ. ಗೋದಿ, ಬಾರ್ಲಿ, ರೈ ಇರುವ ಯಾವುದನ್ನೂ ತಿನ್ನಲಾರೆ. ಮೈದಾ ಹಾಕಿ ಗಟ್ಟಿ ಮಾಡಿದ ಸಾರು ಬೇಡ. ಗೋದಿಯ ಪದಾರ್ಥ ಕರಿದ ಎಣ್ಣೆಯಲ್ಲಿ ಕರಿದದ್ದು ಬೇಡ. ಹಾಲು, ಬೆಣ್ಣೆ, ಕೆನೆ, ಚೀಸು ಬೇಡ. ಅಕ್ಕಿ, ಆಲೂಗಡ್ಡೆ, ಮೆಕ್ಕೆಜೋಳ, ಬೇಳೆ, ತರಕಾರಿ, ಹಣ್ಣು ತಿನ್ನಬಲ್ಲೆ. ದಯವಿಟ್ಟು ಬೇರೆ ಪಾತ್ರೆ, ಬೇರೆ ಚಮಚ ಬಳಸಿರಿ.

ಇಷ್ಟೇ. ಪರದೇಶಕ್ಕೆ ಹೋಗುವ ಪ್ರತಿಯೊಬ್ಬ ರೋಗಿಯ ಜೇಬಿನಲ್ಲಿ ಇಂಥದೊಂದು ಕಾರ್ಡು, ಹೋಗುವ ದೇಶದ ಭಾಷೆಯಲ್ಲಿ ಇರಲೇಬೇಕು. ಇಂಗ್ಲಿಷ್ ಜಗತ್ತಿನ ಎಲ್ಲ ಕಡೆ ನಡೆಯುತ್ತದೆ ಎಂಬುದು ನಮ್ಮ ಪಟ್ಟಣದ ಹುಡುಗರ ದೊಡ್ಡ ಭ್ರಮೆ. ಅಡುಗೆಮನೆಯಲ್ಲಿ ನಿಂತವನು ಯಾವ ದೇಶದಲ್ಲೂ ತನ್ನ ತಾಯ್ನುಡಿಯಲ್ಲೇ ಯೋಚಿಸುತ್ತಾನೆ.

ಜರ್ಮನಿಗೆ ಹೋಗುವವರು ಹತ್ತು ಶಬ್ದ ಕಲಿತರೆ ಸಾಕು. ವೈಟ್ಸೆನ್ ಎಂದರೆ ಗೋದಿ. ಡಿಂಕೆಲ್ ಎಂದರೆ ಅದೂ ಒಂದು ಬಗೆಯ ಗೋದಿಯೇ, ಮೋಸ ಹೋಗಬೇಡಿ. ಗೆರ್ಸ್ಟೆ ಬಾರ್ಲಿ, ರೋಗೆನ್ ರೈ, ಹಾಫರ್ ಓಟ್ಸು. ಮಿಲ್ಶ್ ಹಾಲು, ಬುಟ್ಟರ್ ಬೆಣ್ಣೆ, ಸಾನೆ ಕೆನೆ, ಮೋಲ್ಕೆ ಹಾಲೊಡೆದ ನೀರು. ಹಿರ್ಸೆ ಎಂದು ಕಂಡರೆ ಹಿಗ್ಗಿರಿ, ಅದು ನಮ್ಮ ಸಿರಿಧಾನ್ಯದ ಬಳಗ! ಇನ್ನು "ಲಾಕ್ಟೋಸೆಫ್ರೈ" ಎಂಬ ಹಾಲಿನ ಡಬ್ಬಿ. ಅದರಲ್ಲಿ ಸಕ್ಕರೆಯನ್ನು ಒಡೆದಿರುತ್ತಾರೆ, ಹಾಲಿನ ಪ್ರೊಟೀನು ಹಾಗೆಯೇ ಇರುತ್ತದೆ. ಹೊಟ್ಟೆ ಉಬ್ಬುವವನಿಗೆ ಅದು ಆದೀತು, ಅಲರ್ಜಿಯವನಿಗೆ ಅಪಾಯ.

ವಿಮಾನದಲ್ಲಿ, ಗಡಿಯಲ್ಲಿ, ಹೋಟೆಲಿನಲ್ಲಿ

ವಿಮಾನದಲ್ಲಿ ಗ್ಲುಟೆನ್ ಇಲ್ಲದ ಊಟ ಸಿಗುತ್ತದೆ, ಆದರೆ ಹತ್ತಿದ ಮೇಲೆ ಕೇಳಿದರೆ ಸಿಗದು. ಹೆಚ್ಚಿನ ಕಂಪನಿಗಳಿಗೆ ಕನಿಷ್ಠ 24 ತಾಸು ಮೊದಲು ತಿಳಿಸಬೇಕು. ಅವರ ಸಂಕೇತ ಜಿ.ಎಫ್.ಎಂ.ಎಲ್. ಹಾಲಿನ ಸಕ್ಕರೆ ಕಡಿಮೆ ಇರುವ ಊಟಕ್ಕೆ ಎನ್.ಎಲ್.ಎಂ.ಎಲ್. ಇದು ಹಾಲು ಪೂರ್ತಿ ಇಲ್ಲದ ಊಟ ಎಂದು ತಿಳಿಯಬೇಡಿ. ಎರಡೂ ಬೇಡವಾದವನಿಗೆ ಒಂದೇ ಸಂಕೇತ ಸಾಲದು, ಫೋನ್ ಮಾಡಿ ಬಿಡಿಸಿ ಹೇಳಬೇಕು. ಅಷ್ಟಾದರೂ ವಿಮಾನ ಬದಲಾದಾಗ, ತಡವಾದಾಗ ಊಟ ತಪ್ಪುವುದುಂಟು.

ಅದಕ್ಕೇ ಬುತ್ತಿ! ನಮ್ಮ ಹಿರಿಯರು ಬುತ್ತಿಯಿಲ್ಲದೆ ಪಕ್ಕದೂರಿಗೂ ಹೊರಡುತ್ತಿರಲಿಲ್ಲ. ಒಣಗಿದ ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ನಮ್ಮೂರಿನವರು ಮುಂಬಯಿಯಿಂದಲೋ ಹೈದರಾಬಾದಿನಿಂದಲೋ ಬೆಂಗಳೂರಿನಿಂದಲೋ ವಿಮಾನ ಹತ್ತಬೇಕು. ಎರಡು ದಿನದ ರೊಟ್ಟಿ ಕೈಚೀಲದಲ್ಲಿರಲಿ, ಉಳಿದದ್ದು ದೊಡ್ಡ ಪೆಟ್ಟಿಗೆಯಲ್ಲಿರಲಿ. ಒಣ ಚಟ್ನಿ ಪುಡಿ ಒಯ್ಯಬಹುದು. ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ 350 ಮಿಲಿಲೀಟರ್ ಮೀರಿದ ಪುಡಿಯನ್ನು ಕೈಚೀಲದಲ್ಲಿ ಕಂಡರೆ ಬಿಚ್ಚಿ ತಪಾಸಣೆ ಮಾಡುತ್ತಾರೆ. ಅದನ್ನು ದೊಡ್ಡ ಪೆಟ್ಟಿಗೆಗೆ ಹಾಕುವುದೇ ಜಾಣತನ. ಎಣ್ಣೆ ತೇಲುವ ಉಪ್ಪಿನಕಾಯಿಯೂ ಹಾಗೆಯೇ.

ಗಡಿಯ ಕಾನೂನು ತಿಳಿದಿರಲಿ. ಯುರೋಪಿನ ಒಕ್ಕೂಟದ ದೇಶಗಳಿಗೆ ಹೊರಗಿನ ಪ್ರಯಾಣಿಕರು ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ. ನಮ್ಮ ಧಾರವಾಡದ ಪೇಢಾ ಅಲ್ಲಿ ಕಸದ ಬುಟ್ಟಿಗೆ! ಜೊತೆಗಾರ ತುಪ್ಪ, ಪೇಢಾ ಬಿಟ್ಟು ನಿಲ್ಲುವಾಗ ಹಾಲು ತಿನ್ನದವನ ಬುತ್ತಿ ಸಲೀಸಾಗಿ ದಾಟುತ್ತದೆ ನೋಡಿರಿ. ಆಸ್ಟ್ರೇಲಿಯಾದವರು ಬಹಳ ಬಿಗಿ. ಅಲ್ಲಿ ಪ್ರಯಾಣಿಕರ ಚೀಟಿಯಲ್ಲಿ ತಂದ ಆಹಾರವನ್ನೆಲ್ಲ ಬರೆದು ತೋರಿಸಬೇಕು. ಬಚ್ಚಿಟ್ಟು ಸಿಕ್ಕಿಬಿದ್ದರೆ ದಂಡ. ಅಮೆರಿಕದಲ್ಲೂ ತಂದದ್ದನ್ನು ಹೇಳಿಬಿಡುವುದೇ ಸುರಕ್ಷಿತ.

ಹೋಟೆಲುಗಳ ವಿಷಯಕ್ಕೆ ಬನ್ನಿ. ಪರದೇಶದಲ್ಲಿ "ಇಂಡಿಯನ್ ರೆಸ್ಟೋರೆಂಟ್" ಬೋರ್ಡು ಕಂಡಕೂಡಲೆ ಮನೆ ಸಿಕ್ಕಿತೆಂದು ಒಳಗೆ ನುಗ್ಗಬೇಡಿ. ಇಡ್ಲಿ, ದೋಸೆ ಅಕ್ಕಿ-ಉದ್ದಿನವು, ಸರಿ. ಆದರೆ ರವಾ ದೋಸೆ ಗೋದಿಯದು. ಸಾಂಬಾರಿನಲ್ಲಿ ಇಂಗು! ಅಂಗಡಿಯಲ್ಲಿ ಸಿಗುವ ಇಂಗು ಸಾಮಾನ್ಯವಾಗಿ ಶುದ್ಧ ಇಂಗಲ್ಲ. ಅದಕ್ಕೆ ಗೋಂದು, ಹಿಟ್ಟು ಬೆರೆಸಿರುತ್ತಾರೆ. ಬಹಳಷ್ಟು ಡಬ್ಬಿಗಳಲ್ಲಿ ಆ ಹಿಟ್ಟು ಗೋದಿಯದೇ. ಚೀನಾ, ಜಪಾನಿನ ಸೋಯಾ ಸಾಸಿನಲ್ಲಿ ಸಾಮಾನ್ಯವಾಗಿ ಗೋದಿ ಇದೆ. ಅನ್ನ ಸುರಕ್ಷಿತ, ಮೇಲೆ ಸುರಿದ ಸಾಸು ಅಲ್ಲ. ಮಾಲ್ಟ್ ಎಂದು ಕಂಡರೆ ಅದು ಬಾರ್ಲಿ. ನಮ್ಮ ರಾಗಿ ಮಾಲ್ಟು ಬೇರೆ, ಅವರ ಮಾಲ್ಟು ಬೇರೆ. ಕೂಸ್‌ಕೂಸ್, ಬುಲ್ಗರ್, ಸೇಟಾನ್, ಎಲ್ಲ ಗೋದಿಯ ವೇಷಗಳು. ಹಾಲಿನ ವೇಷಗಳೂ ಇವೆ: ವ್ಹೇ, ಕೇಸೀನ್, ಮಿಲ್ಕ್ ಸಾಲಿಡ್ಸ್. ಇಥಿಯೋಪಿಯಾದವರ ಇಂಜೆರಾ ನಮ್ಮ ದೋಸೆಯ ಅಣ್ಣತಮ್ಮ. ಟೆಫ್ ಎಂಬ ಸಣ್ಣ ಕಾಳಿನದಾದರೆ ತಿನ್ನಬಹುದು, ಆದರೆ ಬೇರೆ ದೇಶಗಳ ಹೋಟೆಲುಗಳಲ್ಲಿ ಅದಕ್ಕೆ ಗೋದಿ, ಬಾರ್ಲಿ ಬೆರೆಸುವುದುಂಟು. ಕೇಳದೆ ತಿನ್ನಬೇಡಿ. ಮೆಕ್ಸಿಕೋದವರ ಮೆಕ್ಕೆಜೋಳದ ಟಾರ್ಟಿಯಾ ನಮ್ಮ ರೊಟ್ಟಿಯ ದೂರದ ನೆಂಟ. ಗೋದಿಯ ಟಾರ್ಟಿಯಾವೂ ಇದೆ, ಎಚ್ಚರ.

ಅಲ್ಲಿ ಅವರ ಭಾಷೆ, ಇಲ್ಲಿ ಯಾರ ಭಾಷೆ?

ಈಗ ಮುಖ್ಯ ಮಾತಿಗೆ ಬರುತ್ತೇನೆ.

ಯುರೋಪಿನ ಒಕ್ಕೂಟದಲ್ಲಿ 2014ರ ಡಿಸೆಂಬರ್ 13ರಿಂದ ಒಂದು ಕಾಯಿದೆ ಜಾರಿಯಲ್ಲಿದೆ. ಗ್ಲುಟೆನ್ ಇರುವ ಧಾನ್ಯ, ಹಾಲು, ಶೇಂಗಾ, ಎಳ್ಳು ಸೇರಿ 14 ಬಗೆಯ ಅಲರ್ಜಿಕಾರಕಗಳನ್ನು ಪೊಟ್ಟಣದ ಪಟ್ಟಿಯಲ್ಲಿ ಎದ್ದು ಕಾಣುವಂತೆ ಮುದ್ರಿಸಲೇಬೇಕು. ಹೋಟೆಲಿನವನೂ ಕೇಳಿದರೆ ಹೇಳಲೇಬೇಕು. ಯಾವ ಭಾಷೆಯಲ್ಲಿ? ಮಾರಾಟವಾಗುವ ದೇಶದ ಗ್ರಾಹಕನಿಗೆ ಸುಲಭವಾಗಿ ತಿಳಿಯುವ ಭಾಷೆಯಲ್ಲಿ! ಕೆನಡಾದಲ್ಲಿ ಇಂಗ್ಲಿಷ್, ಫ್ರೆಂಚ್ ಎರಡರಲ್ಲೂ ಇರಬೇಕು. ಕೊಲ್ಲಿ ದೇಶಗಳಲ್ಲಿ ಅರಬ್ಬಿ ಇಲ್ಲದ ಪೊಟ್ಟಣ ಅಂಗಡಿಗೆ ಬರುವಂತಿಲ್ಲ. ಅಚ್ಚಿನಲ್ಲಿ ಇಲ್ಲದಿದ್ದರೆ ಅರಬ್ಬಿ ಚೀಟಿ ಅಂಟಿಸಿ ಕಳಿಸುತ್ತಾರೆ. ಇಟಲಿಯಲ್ಲಿ ಸಿಲಿಯಾಕ್ ರೋಗಿಗಳಿಗೆ ಗ್ಲುಟೆನ್ ಇಲ್ಲದ ಆಹಾರ ಕೊಳ್ಳಲು ಸರಕಾರವೇ ತಿಂಗಳ ಭತ್ಯೆ ಕೊಡುತ್ತದೆ.

ಒಂದು ಸಾಲು ಬಿಟ್ಟುಹೋದರೆ ಏನಾಗುತ್ತದೆ? 2016ರಲ್ಲಿ ನತಾಶಾ ಎಡ್ನಾನ್-ಲಪರೂಸ್ ಎಂಬ 15 ವರ್ಷದ ಇಂಗ್ಲೆಂಡಿನ ಬಾಲಕಿ ಫ್ರಾನ್ಸಿಗೆ ಹೊರಟಿದ್ದಳು. ಲಂಡನ್ನಿನ ಹೀತ್ರೂ ವಿಮಾನ ನಿಲ್ದಾಣದಲ್ಲಿ ಒಂದು ತುಂಬಿದ ಬ್ರೆಡ್ಡು ಕೊಂಡಳು. ಅವಳಿಗೆ ಎಳ್ಳಿನ ಅಲರ್ಜಿ. ಬ್ರೆಡ್ಡಿನ ಹಿಟ್ಟಿನಲ್ಲಿ ಎಳ್ಳು ಇತ್ತು, ಪೊಟ್ಟಣದ ಮೇಲೆ ಇರಲಿಲ್ಲ. ವಿಮಾನದಲ್ಲೇ ಕುಸಿದಳು, ಫ್ರಾನ್ಸಿನ ಆಸ್ಪತ್ರೆಯಲ್ಲಿ ತೀರಿಕೊಂಡಳು. ಅವಳ ತಂದೆತಾಯಿ ಹೋರಾಡಿದರು. 2021ರ ಅಕ್ಟೋಬರ್ 1ರಿಂದ ಅಲ್ಲಿ ಅಂಗಡಿಯಲ್ಲೇ ಕಟ್ಟಿಟ್ಟು ಮಾರುವ ತಿಂಡಿಗೂ ಪೂರ್ತಿ ಪಟ್ಟಿ ಹಾಕುವುದು ಕಡ್ಡಾಯವಾಯಿತು. ಜನ ಅದನ್ನು ನತಾಶಾ ಕಾನೂನು ಎಂದೇ ಕರೆಯುತ್ತಾರೆ.

ಈಗ ನಮ್ಮ ಮನೆಗೆ ಬನ್ನಿ. ನಮ್ಮ ದೇಶದ 2020ರ ಆಹಾರ ಲೇಬಲ್ ನಿಯಮದಲ್ಲೂ ಗ್ಲುಟೆನ್ ಇರುವ ಧಾನ್ಯ, ಹಾಲು, ಮೊಟ್ಟೆ, ಶೇಂಗಾ, ಸೋಯಾ ಇದ್ದರೆ "ಇದರಲ್ಲಿ ಇದೆ" ಎಂದು ಮುದ್ರಿಸಬೇಕು. ಒಳ್ಳೆಯದೇ. ಆದರೆ ಯಾವ ಭಾಷೆಯಲ್ಲಿ? ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ! ಬೇರೆ ಭಾಷೆ ಬೇಕಾದರೆ ಹೆಚ್ಚಿಗೆಯಾಗಿ ಹಾಕಿಕೊಳ್ಳಬಹುದು, ಬೇಡವಾದರೆ ಇಲ್ಲ. ತೂಕ-ಅಳತೆಯ ಇಲಾಖೆಯ 2011ರ ಪೊಟ್ಟಣ ನಿಯಮವೂ ಇದೇ ರಾಗ ಹಾಡುತ್ತದೆ. ಅಂದರೆ ದುಬೈಯವನಿಗೆ ಅರಬ್ಬಿ ಹಕ್ಕು. ಕೆನಡಾದವನಿಗೆ ಫ್ರೆಂಚ್ ಹಕ್ಕು. ತಿಕೋಟಾದ ತಾಯಿಗೆ ಕನ್ನಡ? ಕಂಪನಿಯ ದಯೆ!

ಆ ತಾಯಿಯನ್ನು ನೆನೆಯಿರಿ. ಕನ್ನಡ ಓದಬಲ್ಲಳು, ಇಂಗ್ಲಿಷ್ ಬಾರದು, ಹಿಂದಿ ಬಾರದು. ಜರ್ಮನಿಯಲ್ಲಿ ಅವಳ ಮಗ ಅಂಗಡಿಗೆ ಹೋದರೆ ಪೊಟ್ಟಣದ ಮೇಲೆ "ವೈಟ್ಸೆನ್" ಎಂದು ದಪ್ಪಕ್ಷರದಲ್ಲಿ ಎಚ್ಚರಿಕೆ. ರಜೆಗೆ ಊರಿಗೆ ಬಂದರೆ ಅವ್ವ ಪ್ರೀತಿಯಿಂದ ತಂದ ಬಿಸ್ಕಿಟ್ಟಿನ ಮೇಲೆ? ಮುಂದೆ ದೊಡ್ಡದಾಗಿ ರಾಗಿಯ ಚಿತ್ರ, ಹಿಂದೆ ಸಾಸಿವೆ ಕಾಳಿನಷ್ಟು ಇಂಗ್ಲಿಷ್ ಅಕ್ಷರ. ಆ ಪಟ್ಟಿಯ ಮೊದಲ ಶಬ್ದವೇ ಮೈದಾ ಇದ್ದರೆ ಅವಳಿಗೆ ಹೇಗೆ ತಿಳಿಯಬೇಕು? ನಾನು ಪಿಯುಸಿ ಓದಿದವನು, ಅಕ್ಷರ ನೋಡಿ ನೋಡಿ ಕಣ್ಣು ಪಳಗಿದವನು. "ಹೈಡ್ರೊಲೈಸ್ಡ್ ವೆಜಿಟೆಬಲ್ ಪ್ರೊಟೀನ್" ಎಂಬುದು ಗೋದಿಯಿಂದಲೂ ಬರಬಹುದು ಎಂದು ನನಗೇ ಇನ್ನೊಬ್ಬರು ಹೇಳಬೇಕಾಯಿತು. ಹೆತ್ತ ಮಗನಿಗೆ ಪರನಾಡಿನಲ್ಲಿರುವ ರಕ್ಷಣೆ ಸ್ವಂತ ಊರಿನ ಕಿರಾಣಿ ಅಂಗಡಿಯಲ್ಲಿ ಇಲ್ಲ. ಇದಕ್ಕಿಂತ ನಾಚಿಕೆಗೇಡು ಇನ್ನೇನಿದೆ?

ಮುದ್ರಕನ ಲೆಕ್ಕ

"ಎಲ್ಲ ಭಾಷೆಯಲ್ಲೂ ಮುದ್ರಿಸಿದರೆ ಖರ್ಚು" ಎಂದು ಕಂಪನಿಗಳು ರಾಗ ಎಳೆಯುತ್ತವೆ. ಈ ವಿದ್ಯೆ ನನ್ನದು, ನಾನು ಹೇಳುತ್ತೇನೆ ಕೇಳಿರಿ. ಪಟ್ಟಿಯ ಅಕ್ಷರ ಸಾಮಾನ್ಯವಾಗಿ ಒಂದೇ ಬಣ್ಣದ್ದು. ಅದೇ ಬಣ್ಣದಲ್ಲಿ ಕನ್ನಡದ ಎರಡು ಸಾಲು ಸೇರಿಸಿದರೆ ಇನ್ನೊಂದು ಬಣ್ಣ ಬೇಡ, ಇನ್ನೊಂದು ಪ್ಲೇಟು ಬೇಡ. ದೊಡ್ಡ ಕಂಪನಿಗಳ ಪ್ಲಾಸ್ಟಿಕ್ ಪೊಟ್ಟಣ ಸಿಲಿಂಡರಿನಲ್ಲಿ ಅಚ್ಚಾಗುತ್ತದೆ, ಹೊಸ ಸಿಲಿಂಡರ್ ಕೊರೆಯಲು ಖರ್ಚಿದೆ, ನಿಜ. ಆದರೆ ಕ್ರಿಕೆಟ್ ಬಂದರೆ ಹೊಸ ಚಿತ್ರ, ನಟ ಬದಲಾದರೆ ಹೊಸ ಮುಖ, ದೀಪಾವಳಿಗೆ ಹೊಸ ಬಣ್ಣ ಎಂದು ಅವರು ಸಿಲಿಂಡರ್ ಬದಲಿಸುತ್ತಲೇ ಇರುತ್ತಾರಲ್ಲ? ಆಗಲೇ "ಇದರಲ್ಲಿ ಗೋದಿ ಇದೆ, ಹಾಲು ಇದೆ" ಎಂಬ ಐದು ಶಬ್ದ ಸೇರಿಸಲು ಏನು ಗಂಟು ಹೋಗುತ್ತದೆ? ಹೊರದೇಶಕ್ಕೆ ಕಳಿಸುವ ಮಾಲಿಗೆ ಅರಬ್ಬಿ ಚೀಟಿ ಅಂಟಿಸಲು ಇರುವ ಕೈ ಕನ್ನಡದ ಚೀಟಿ ಅಂಟಿಸಲು ಯಾಕೆ ನೋಯುತ್ತದೆ? ಖರ್ಚಿನ ಮಾತು ಬರೀ ನೆಪ. ಇಲ್ಲಿ ಕೇಳುವವರಿಲ್ಲ ಎಂಬ ಧೈರ್ಯ ಅವರಿಗೆ!

ನಮ್ಮ ರಾಜ್ಯ ಸರಕಾರ ಪೂರಾ ಸುಮ್ಮನೆ ಕೂತಿಲ್ಲ, ಅದನ್ನೂ ಹೇಳಬೇಕು. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಬಂತು. 2024ರಲ್ಲಿ ಅದಕ್ಕೆ ತಿದ್ದುಪಡಿಯಾಗಿ ನಾಮಫಲಕಗಳಲ್ಲಿ ಶೇಕಡಾ 60 ಕನ್ನಡ ಕಡ್ಡಾಯವಾಯಿತು. 2025ರ ಫೆಬ್ರುವರಿಯಲ್ಲಿ ಕರ್ನಾಟಕದಲ್ಲಿ ತಯಾರಾಗುವ ಸರಕಿನ ಮೇಲೆ ಹೆಸರು, ಬಳಕೆಯ ಮಾಹಿತಿ ಕನ್ನಡದಲ್ಲೂ ಇರಬೇಕೆಂದು ಆದೇಶ ಹೊರಟಿತು. ಸ್ವಾಗತ. ಆದರೆ ಹೊರರಾಜ್ಯದಲ್ಲಿ ತಯಾರಾಗಿ ಇಲ್ಲಿ ಮಾರಾಟವಾಗುವ ಬಿಸ್ಕಿಟ್ಟು, ಇಂಗು, ಮಸಾಲೆಯ ಗತಿಯೇನು? ಹೆಸರು ಕನ್ನಡದಲ್ಲಿ ಬಂದರೆ ಸಾಕೇ? ಒಳಗೇನಿದೆ ಎಂಬ ಪಟ್ಟಿ ಬೇಡವೇ? ಅಂಗಡಿಯ ಬೋರ್ಡಿಗಾಗಿ ನಾವು ಬೀದಿಗಿಳಿದೆವು, ಸರಿಯೇ. ಬೋರ್ಡಿನ ಕೆಳಗೆ ಕಪಾಟಿನಲ್ಲಿ ಕುಳಿತ ಪೊಟ್ಟಣವನ್ನು ತಿರುಗಿಸಿ ನೋಡಿದೆವೇ? ಬೋರ್ಡನ್ನು ಯಾರೂ ತಿನ್ನುವುದಿಲ್ಲ!

ಇನ್ನು ನಮ್ಮವರ ಕಿವಿಯನ್ನೂ ಹಿಂಡಬೇಕು. ಉತ್ತರ ಕರ್ನಾಟಕದ ಊರೂರಿನಲ್ಲಿ ಹೆಣ್ಣುಮಕ್ಕಳ ಗುಂಪುಗಳು ಖಡಕ್ ರೊಟ್ಟಿ ಮಾಡಿ ಮಾರುತ್ತಿವೆ. ಕಲಬುರಗಿಯಲ್ಲಿ ಜಿಲ್ಲಾಡಳಿತವೇ ನಿಂತು "ಕಲಬುರಗಿ ರೊಟ್ಟಿ" ಎಂಬ ಹೆಸರಿನಲ್ಲಿ ಅದನ್ನು ದೂರದೂರಿಗೆ ಮುಟ್ಟಿಸುತ್ತಿದೆ. ಬಹಳ ಸಂತೋಷ. ಆದರೆ ಎಷ್ಟೋ ಗುಂಪಿನವರು ಲೇಬಲ್ ಮಾಡಿಸಲು ಬಂದಾಗ "ಎಲ್ಲಾ ಇಂಗ್ಲಿಷಿನಾಗ ಹಾಕ್ರಿ, ಸ್ಟ್ಯಾಂಡರ್ಡ್ ಕಾಣಬೇಕು" ಎನ್ನುತ್ತಾರೆ. ನಮ್ಮ ಜೋಳಕ್ಕೆ "ಮಿಲ್ಲೆಟ್" ಎಂದು ಹೆಸರಿಟ್ಟರೆ ಮಾತ್ರ ಗೌರವವೇ? ಜೋಳ ಎಂದು ದಪ್ಪಕ್ಷರದಲ್ಲಿ ಹಾಕಿರಿ, ಕೆಳಗೆ ಬೇಕಾದ ಭಾಷೆ ಹಾಕಿರಿ. ಗೋದಿ ಬೀಸದ ಗಿರಣಿಯಲ್ಲೇ ಬೀಸಿ, ಪರೀಕ್ಷೆ ಮಾಡಿಸಿ, 20 ಮಿಲಿಗ್ರಾಮಿನ ಲೆಕ್ಕಕ್ಕೆ ನಿಂತ ಮೇಲೆಯೇ "ಗ್ಲುಟೆನ್ ಇಲ್ಲ" ಎಂದು ಹಾಕಿರಿ. ಪರೀಕ್ಷೆ ಇಲ್ಲದೆ ಹಾಕಿದರೆ ಅದು ರೋಗಿಗೆ ಬಗೆದ ದ್ರೋಹ. ನಿಯಮ ಪಾಲಿಸಿ ಹಾಕಿದರೆ ಜರ್ಮನಿಯ ಅಂಗಡಿಯಲ್ಲೂ ನಮ್ಮ ಬಿಳಿಜೋಳದ ರೊಟ್ಟಿ ಎದೆಯುಬ್ಬಿಸಿ ನಿಲ್ಲುತ್ತದೆ.

ನಮ್ಮ ಬೇಡಿಕೆ

ಒಂದು: ಕರ್ನಾಟಕದಲ್ಲಿ ಮಾರಾಟವಾಗುವ ಪ್ರತಿ ಆಹಾರ ಪೊಟ್ಟಣದ ಮೇಲೆ, ಅದು ಎಲ್ಲೇ ತಯಾರಾಗಲಿ, ಒಳಗಿನ ಪದಾರ್ಥಗಳ ಪಟ್ಟಿ ಮತ್ತು ಅಲರ್ಜಿಯ ಎಚ್ಚರಿಕೆ ಕನ್ನಡದಲ್ಲಿರಬೇಕು. ಕೇಂದ್ರದ ನಿಯಮದ "ಇಂಗ್ಲಿಷ್ ಅಥವಾ ಹಿಂದಿ" ಎಂಬ ಸಾಲಿಗೆ "ಮಾರಾಟವಾಗುವ ರಾಜ್ಯದ ಭಾಷೆ" ಎಂದು ಸೇರಬೇಕು. ನಮ್ಮ ಸಂಸದರು ದಿಲ್ಲಿಯಲ್ಲಿ ಬಾಯಿ ಬಿಡಲಿ.

ಎರಡು: ಕರ್ನಾಟಕದ ವಿಮಾನ ನಿಲ್ದಾಣಗಳ ಹೋಟೆಲುಗಳಲ್ಲಿ, ದೊಡ್ಡ ಹೋಟೆಲು ಸರಪಳಿಗಳ ದರಪಟ್ಟಿಯಲ್ಲಿ ಯಾವ ತಿಂಡಿಯಲ್ಲಿ ಗೋದಿ, ಯಾವುದರಲ್ಲಿ ಹಾಲು ಎಂದು ಕನ್ನಡದಲ್ಲಿ ಬರೆಯಬೇಕು.

ಮೂರು: ಆಸ್ಪತ್ರೆಗಳು ಸಿಲಿಯಾಕ್ ಎಂದು ತಿಳಿದ ರೋಗಿಯ ಮನೆಯವರಿಗೆ ಏನು ತಿನ್ನಬೇಕು, ಏನು ಬಾರದು ಎಂಬ ಕನ್ನಡದ ಚೀಟಿ ಕೊಡಬೇಕು.

ಬೆಂಗಳೂರಿನ, ಮೈಸೂರಿನ, ಹುಬ್ಬಳ್ಳಿಯ ಗೆಳೆಯರೇ, ಇದು ನಿಮ್ಮ ಕೆಲಸ. ನಾಳೆಯೇ ನಿಮ್ಮ ಅಂಗಡಿಗೆ ಹೋಗಿ ಹತ್ತು ಪೊಟ್ಟಣ ತಿರುಗಿಸಿ ನೋಡಿರಿ. ಕನ್ನಡವಿಲ್ಲದ್ದನ್ನು ಬರೆದಿಟ್ಟುಕೊಳ್ಳಿರಿ. ಕಂಪನಿಯ ವಿಳಾಸ ಪೊಟ್ಟಣದ ಮೇಲೆಯೇ ಇರುತ್ತದೆ, ಕನ್ನಡದಲ್ಲೇ ಪತ್ರ ಬರೆಯಿರಿ. ಒಬ್ಬರು ಬರೆದರೆ ಬುಟ್ಟಿಗೆ ಹೋದೀತು. ಸಾವಿರ ಜನ ಬರೆದರೆ ಸಿಲಿಂಡರ್ ತಾನೇ ಬದಲಾಗುತ್ತದೆ. ಪರದೇಶಕ್ಕೆ ಹೊರಟವರು ರೊಟ್ಟಿ ಕಟ್ಟಿಕೊಳ್ಳಿ, ಆ ದೇಶದ ಭಾಷೆಯ ಕಾರ್ಡು ಜೇಬಿನಲ್ಲಿಡಿ, ಸಂಕೋಚವಿಲ್ಲದೆ ಕೇಳಿ ತಿನ್ನಿರಿ. ಅಲ್ಲಿ ಅವರ ಭಾಷೆಗೆ ಸಿಕ್ಕ ಮರ್ಯಾದೆಯನ್ನು ಕಣ್ಣಾರೆ ನೋಡಿರಿ. ನೋಡಿ ಮರಳಿ ಬಂದ ಮೇಲೆ ಇಲ್ಲಿಯೂ ಅದನ್ನೇ ಕೇಳಿರಿ.

ನಮ್ಮ ಅನ್ನದಲ್ಲಿ ಏನಿದೆ ಎಂದು ನಮ್ಮ ಭಾಷೆಯಲ್ಲಿ ತಿಳಿಯುವುದು ಭಿಕ್ಷೆಯಲ್ಲ, ಹಕ್ಕು! ಕೇಳಿ ಪಡೆಯೋಣ, ಕೊಡದಿದ್ದರೆ ಹೋರಾಡಿ ಪಡೆಯೋಣ!